ಗಾಮಾ ಸ್ಫೋಟದ ಬೆಳಕಿನಿಂದ ಸೂಪರ್ನೋವಾ ಬೇರ್ಪಡಿಸಿದ್ದು ಹೇಗೆ: ನನ್ನ ಅನುಭವ

ನಾನು ಎಂಎಸ್ಸಿ ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠ ಮಾಡುವವನು. ನಮ್ಮ ಕಾಲೇಜಿನ ಚಾವಣಿ ಮೇಲೆ ಒಂದು ಸಣ್ಣ ಟೆಲಿಸ್ಕೋಪ್ ಇದೆ. ಅದರಲ್ಲಿ ಶನಿಯ ಉಂಗುರ ನೋಡಬಹುದು, ಚಂದ್ರನ ಕುಳಿಗಳನ್ನು ನೋಡಬಹುದು. ಕೋಟ್ಯಂತರ ಜ್ಯೋತಿರ್ವರ್ಷ ದೂರದ ವಿಷಯಕ್ಕೆ ಅದು ಸಾಲದು. ಆದರೂ ಪ್ರಾಜೆಕ್ಟ್ ವಿಷಯ ಕೊಡುವಾಗ ಪ್ರತಿ ವರ್ಷ ಒಂದಾದರೂ ಖಗೋಳದ ಕೆಲಸ ಇರಲಿ ಅಂತ ನನ್ನ ಆಸೆ. ಹಾಗೆ ಕೈಗೆತ್ತಿಕೊಂಡಿದ್ದು, ಆಕಾಶದಲ್ಲಿ ಸ್ವಲ್ಪ ಹೊತ್ತು ಮಿಂಚಿ ಮಾಯವಾಗುವ ಗಾಮಾ ಕಿರಣ ಸ್ಫೋಟಕ್ಕೂ, ನಕ್ಷತ್ರ ಸಿಡಿದು ಸಾಯುವ ಸೂಪರ್ನೋವಾಕ್ಕೂ ಇರುವ ನಂಟು. ಓದಿ ಬರೆಯುವ ಪ್ರಾಜೆಕ್ಟ್ ಆಗಬಾರದು, ನಿಜವಾದ ಅಳತೆಗಳನ್ನು ತೆಗೆದುಕೊಂಡು ಆ ನಂಟನ್ನು ನಾವೇ ಕಣ್ಣಾರೆ ನೋಡಬೇಕು ಅಂದುಕೊಂಡೆವು. ಅದನ್ನು ಮಾಡಿದ ಬಗೆ ಇಲ್ಲಿದೆ. ಬೇರೆ ಕಾಲೇಜಿನವರು ಯಾರಾದರೂ ಮಾಡುವುದಾದರೆ ಉಪಯೋಗಕ್ಕೆ ಬರಲಿ.

ಮೊದಲು ಹಿನ್ನೆಲೆ ಸ್ವಲ್ಪ. 1967ರ ಜುಲೈನಲ್ಲಿ ಅಮೆರಿಕದ ವೇಲಾ ಉಪಗ್ರಹಗಳು ಒಂದು ಗಾಮಾ ಕಿರಣ ಸ್ಫೋಟವನ್ನು ದಾಖಲಿಸಿದವು. ಅವು ಅಣುಬಾಂಬ್ ಪರೀಕ್ಷೆಗಳ ಮೇಲೆ ಕಣ್ಣಿಡಲು ಹಾರಿಸಿದ್ದ ಉಪಗ್ರಹಗಳು. ಸುದ್ದಿ ಹೊರಗೆ ಬಂದಿದ್ದು 1973ರಲ್ಲಿ. ಮುಂದೆ ಎಷ್ಟೋ ವರ್ಷ ಇವು ನಮ್ಮ ಗೆಲಾಕ್ಸಿಯ ಒಳಗಿನವೋ ಹೊರಗಿನವೋ ಎಂಬುದೇ ಗೊತ್ತಿರಲಿಲ್ಲ. 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದ ಬಾಟ್ಸೆ ಉಪಕರಣ 2,704 ಸ್ಫೋಟಗಳನ್ನು ಹಿಡಿಯಿತು. ಅವು ಆಕಾಶದ ಎಲ್ಲ ದಿಕ್ಕಿನಲ್ಲೂ ಸಮನಾಗಿ ಹರಡಿದ್ದವು. 1997ರಲ್ಲಿ ಇಟಲಿ ಮತ್ತು ನೆದರ್ಲೆಂಡ್ಸ್‌ನ ಬೆಪ್ಪೋಸ್ಯಾಕ್ಸ್ ಉಪಗ್ರಹದ ಸಹಾಯದಿಂದ ಸ್ಫೋಟದ ನಂತರ ದಿನಗಟ್ಟಲೆ ಉಳಿಯುವ ಬೆಳಕು, ಅಂದರೆ ಆಫ್ಟರ್‌ಗ್ಲೋ ಸಿಕ್ಕಿತು. ಅದೇ ವರ್ಷ ಮೇ 8ರ ಸ್ಫೋಟದ ದೂರವನ್ನು ಅಳೆದಾಗ ಅದು ನೂರಾರು ಕೋಟಿ ಜ್ಯೋತಿರ್ವರ್ಷ ಆಚೆ ಇತ್ತು. ಆ ಕೆಲಸ ಮಾಡಿದ ಕ್ಯಾಲ್ಟೆಕ್ ತಂಡದಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ್ ಕುಲಕರ್ಣಿ ಇದ್ದರು. ಈ ಮಾತು ಹೇಳಿದಾಗ ತರಗತಿಯಲ್ಲಿ ಹಿಂದಿನ ಬೆಂಚಿನವರೂ ತಲೆಯೆತ್ತಿ ನೋಡಿದ್ದು ನೆನಪಿದೆ.

ನಂಟಿನ ಮೊದಲ ಸುಳಿವು ಸಿಕ್ಕಿದ್ದು 1998ರ ಏಪ್ರಿಲ್ 25ರ ಸ್ಫೋಟದಲ್ಲಿ. ಬೆಪ್ಪೋಸ್ಯಾಕ್ಸ್ ತೋರಿಸಿದ ಜಾಗದಲ್ಲಿ ಹುಡುಕಿದಾಗ ಸುಮಾರು 12 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಗೆಲಾಕ್ಸಿಯಲ್ಲಿ ಹೊಸ ಸೂಪರ್ನೋವಾ ಕಾಣಿಸಿತು. ಅದೇ ಎಸ್‌ಎನ್ 1998ಬಿಡಬ್ಲ್ಯೂ. ಕುಲಕರ್ಣಿ ಅವರ ತಂಡ ಅದರ ರೇಡಿಯೋ ಅಲೆಗಳನ್ನು ನೋಡಿ, ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ನುಗ್ಗುತ್ತಿರುವ ಅನಿಲ ಅಲ್ಲಿದೆ ಎಂದು ತೋರಿಸಿತು. ಇಷ್ಟಾದರೂ ಅನುಮಾನ ಹೋಗಲಿಲ್ಲ. ಆ ಜಾಗದಲ್ಲಿ ಎರಡು ಎಕ್ಸ್‌ರೇ ಮೂಲಗಳಿದ್ದವು, ಸ್ಫೋಟದ್ದು ಯಾವುದು ಅಂತ ಖಚಿತವಿರಲಿಲ್ಲ. ಸ್ಫೋಟ ಮಾಮೂಲಿಗಿಂತ ಸಾವಿರಾರು ಪಟ್ಟು ದುರ್ಬಲವಾಗಿತ್ತು. ಎರಡೂ ಒಂದೇ ಕಡೆ ಕಂಡಿದ್ದು ಕಾಕತಾಳೀಯ ಇರಬಹುದು ಎನ್ನುವವರು ಇದ್ದೇ ಇದ್ದರು. ಅವರ ಅನುಮಾನ ನ್ಯಾಯವಾದದ್ದೇ ಅಂತ ನನಗನ್ನಿಸುತ್ತದೆ. ಒಂದೇ ಉದಾಹರಣೆ ಇಟ್ಟುಕೊಂಡು ಏನನ್ನೂ ಸಾಧಿಸಲು ಆಗುವುದಿಲ್ಲ ಅಲ್ವಾ?

ಅನುಮಾನ ತೀರಿಸಿದ್ದು 2003ರ ಮಾರ್ಚ್ 29ರ ಸ್ಫೋಟ, ಜಿಆರ್‌ಬಿ 030329 (ಜಿಆರ್‌ಬಿ ಅಂದರೆ ಗಾಮಾ ಕಿರಣ ಸ್ಫೋಟ, ಅಂಕಿಗಳು ವರ್ಷ, ತಿಂಗಳು, ದಿನ). ಹೆಟೆ-2 ಉಪಗ್ರಹ ಅದನ್ನು ಹಿಡಿದಾಗ ನಮ್ಮಲ್ಲಿ ಸಂಜೆ ಐದು ಗಂಟೆ ದಾಟಿತ್ತು. ಒಂದೂವರೆ ಗಂಟೆಯೊಳಗೆ ಆಸ್ಟ್ರೇಲಿಯಾ ಮತ್ತು ಜಪಾನಿನಲ್ಲಿ ಅದರ ಆಫ್ಟರ್‌ಗ್ಲೋ 13ನೇ ಮ್ಯಾಗ್ನಿಟ್ಯೂಡಿಗಿಂತ (ಇದು ಹೊಳಪಿನ ಅಳತೆ, ಅಂಕಿ ಕಮ್ಮಿಯಾದಷ್ಟೂ ಹೊಳಪು ಜಾಸ್ತಿ) ಪ್ರಕಾಶಮಾನವಾಗಿ ಕಾಣಿಸಿತು. ಅಷ್ಟು ಬೆಳಕು ಒಳ್ಳೆಯ ಹವ್ಯಾಸಿ ಟೆಲಿಸ್ಕೋಪಿಗೂ ಸಿಗುತ್ತದೆ. ಅದರ ರೆಡ್‌ಶಿಫ್ಟ್, ಅಂದರೆ ಜಗತ್ತು ಹಿಗ್ಗುವುದರಿಂದ ಬೆಳಕಿನ ತರಂಗಾಂತರ ಹಿಗ್ಗಿದ ಪ್ರಮಾಣ, 0.1685. ಅಂದರೆ ಆ ಬೆಳಕು ಇನ್ನೂರು ಕೋಟಿ ವರ್ಷ ಪ್ರಯಾಣ ಮಾಡಿ ಬಂದಿದೆ, ಆದರೂ ಗಾಮಾ ಸ್ಫೋಟಗಳ ಲೆಕ್ಕದಲ್ಲಿ ಇದು ನಮ್ಮ ಪಕ್ಕದ ಬೀದಿ. ಭಾರತದಿಂದಲೂ ಅದನ್ನು ಬಹಳ ದಿನ ನೋಡಿದರು. ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೋ ಟೆಲಿಸ್ಕೋಪ್ ವರ್ಷಗಟ್ಟಲೆ ಅದನ್ನು ಅಳೆಯಿತು. ಬೇರೆ ಯಾವ ಸ್ಫೋಟಕ್ಕೂ ಆಗ ಇಷ್ಟು ದಟ್ಟವಾದ ಅಳತೆಗಳು ಇರಲಿಲ್ಲ. ಅಷ್ಟೂ ಪ್ರಕಟವಾಗಿವೆ, ಯಾರು ಬೇಕಾದರೂ ಬಳಸಬಹುದು. ಅದಕ್ಕೇ ನಾವು ಇದನ್ನು ಆರಿಸಿಕೊಂಡೆವು.

ನಾನು ಮೊದಲು ಮಾಡಿಸಿದ್ದು ಕಂಪ್ಯೂಟರ್ ಮುಟ್ಟದೆ ಮಾಡುವ ಕೆಲಸ. ಸ್ಟೇಷನರಿ ಅಂಗಡಿಯಿಂದ ಲಾಗ್-ಲಾಗ್ ಗ್ರಾಫ್ ಶೀಟ್, ಅಂದರೆ ಎರಡೂ ಕಡೆ ಅಳತೆ 1, 10, 100 ಎಂದು ಏರುವ ಹಾಳೆ, ತರಿಸಿದೆ. ಈಗ ಕೇಳುವವರು ಕಮ್ಮಿ, ಅಂಗಡಿಯವರು ಅಟ್ಟದ ಮೇಲಿಂದ ಹುಡುಕಿ ಕೊಟ್ಟರು. ಪ್ರಕಟವಾದ ಕೋಷ್ಟಕದಿಂದ ಕೆಂಪು ಫಿಲ್ಟರಿನ ಮ್ಯಾಗ್ನಿಟ್ಯೂಡ್‌ಗಳನ್ನು ತೆಗೆದುಕೊಂಡು ಬೆಳಕಿನ ಪ್ರಮಾಣಕ್ಕೆ ಬದಲಾಯಿಸಿದೆವು. 5 ಮ್ಯಾಗ್ನಿಟ್ಯೂಡ್ ಜಾಸ್ತಿಯಾದರೆ ಬೆಳಕು 100 ಪಟ್ಟು ಕಮ್ಮಿ, ಅಷ್ಟು ಗೊತ್ತಿದ್ದರೆ ಸಾಕು. ಅಡ್ಡಗೆರೆಯಲ್ಲಿ ಸ್ಫೋಟವಾದ ಮೇಲಿನ ದಿನಗಳು, ನಿಂತ ಗೆರೆಯಲ್ಲಿ ಬೆಳಕು. ಒಂದೊಂದೇ ಚುಕ್ಕಿ ಪೆನ್ಸಿಲಿನಲ್ಲಿ ಇಟ್ಟೆವು.

ಹೀಗೆ ಕೈಯಲ್ಲಿ ಇಡುವುದರಿಂದ ಒಂದು ಲಾಭ ಇದೆ. ಚುಕ್ಕಿಗಳು ಎಲ್ಲಿ ಸಾಲು ಬಿಟ್ಟು ಆಚೀಚೆ ಹೋಗುತ್ತವೆ ಅನ್ನುವುದು ಕೈಗೇ ಗೊತ್ತಾಗುತ್ತದೆ. ಮೊದಲ ಅರ್ಧ ದಿನ ಬೆಳಕು ಸುಮಾರಾಗಿ ಸಮಯಕ್ಕೆ ವಿಲೋಮವಾಗಿ ಇಳಿಯುತ್ತದೆ. ಆಮೇಲೆ ಇಳಿಜಾರು ಕಡಿದಾಗುತ್ತದೆ, ಹೆಚ್ಚುಕಮ್ಮಿ ಸಮಯದ ವರ್ಗಕ್ಕೆ ವಿಲೋಮ. ಹೀಗೆ ಗೆರೆ ಮುರಿಯುವುದಕ್ಕೆ ಕಾರಣ, ಸ್ಫೋಟದ ಶಕ್ತಿ ಎಲ್ಲ ಕಡೆಗೆ ಹರಡದೆ ಕಿರಿದಾದ ಚಿಮ್ಮುಧಾರೆಯಾಗಿ, ಅಂದರೆ ಜೆಟ್ ಆಗಿ, ನಮ್ಮ ಕಡೆಗೆ ಬಂದಿರುವುದು. ಜೆಟ್ ನಿಧಾನವಾದಂತೆ ಅದರ ಅಂಚು ನಮಗೆ ಕಾಣತೊಡಗುತ್ತದೆ, ಬೆಳಕು ಬೇಗ ಬೇಗ ಇಳಿಯುತ್ತದೆ.

ಇಲ್ಲಿಯವರೆಗೆ ಸರಾಗವಾಗಿತ್ತು. ಒಂದೂವರೆ ದಿನದ ಹತ್ತಿರ ಚುಕ್ಕಿಗಳು ಮೇಲಕ್ಕೆ ಎದ್ದವು. ಎರಡೂವರೆ ದಿನದ ಹತ್ತಿರ ಮತ್ತೊಮ್ಮೆ. ಮೂರು ದಿನ ದಾಟಿದ ಮೇಲೆ ಇನ್ನೊಮ್ಮೆ, ಐದು ದಿನದ ಸುಮಾರಿಗೆ ಮಗದೊಮ್ಮೆ. ಒಬ್ಬ ವಿದ್ಯಾರ್ಥಿನಿ ಮೊದಲ ಉಬ್ಬು ನೋಡಿದ ತಕ್ಷಣ "ಸರ್, ಸೂಪರ್ನೋವಾ ಬಂತು" ಅಂದಳು. ಅದು ಸೂಪರ್ನೋವಾ ಆಗಿರಲು ಸಾಧ್ಯವಿಲ್ಲ. ಯಾವ ಸೂಪರ್ನೋವಾವೂ ಒಂದೂವರೆ ದಿನಕ್ಕೆ ಹಾಗೆ ಏರಿ ನಿಲ್ಲುವುದಿಲ್ಲ. ಈ ಉಬ್ಬುಗಳಿಗೆ ಎಲ್ಲರೂ ಜಾಸ್ತಿ ಒಪ್ಪುವ ವಿವರಣೆ ಏನೆಂದರೆ, ಜೆಟ್‌ನಲ್ಲಿ ಹಿಂದೆ ಉಳಿದಿದ್ದ ನಿಧಾನದ ಪದರಗಳು ಒಂದಾದ ಮೇಲೊಂದು ಬಂದು ಮುಂದಿನ ಪದರಕ್ಕೆ ಡಿಕ್ಕಿ ಹೊಡೆದು ಹೊಸ ಶಕ್ತಿ ಕೊಡುತ್ತವೆ.

ಉಬ್ಬು ಕಂಡ ಕಡೆಯೆಲ್ಲ ಸೂಪರ್ನೋವಾ ಅನ್ನಬಾರದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ಎಷ್ಟೋ ಕಡೆ ಈ ನಂಟನ್ನು ವಿವರಿಸುವಾಗ "ಇಳಿಯುವ ಬೆಳಕಿನಲ್ಲಿ ಒಂದು ಉಬ್ಬು, ಅದೇ ಸೂಪರ್ನೋವಾ" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕೆಲವು ಸ್ಫೋಟಗಳಲ್ಲಿ ಅದು ಸರಿ. 030329ರಲ್ಲಿ ಬರೀ ಉಬ್ಬು ನಂಬಿದರೆ ದಾರಿ ತಪ್ಪುತ್ತದೆ.

ಹಾಗಾದರೆ ಸೂಪರ್ನೋವಾ ಯಾವಾಗ ಬರಬೇಕು, ಎಷ್ಟು ಬೆಳಕಿರಬೇಕು? ಇದನ್ನು ಬೋರ್ಡಿನ ಮೇಲೇ ಲೆಕ್ಕ ಹಾಕಿದೆವು. ಮಾದರಿಗೆ 1998ಬಿಡಬ್ಲ್ಯೂ ತೆಗೆದುಕೊಂಡೆವು. ಅದು ಸುಮಾರು 16 ದಿನಕ್ಕೆ ಶಿಖರ ಮುಟ್ಟಿತು, ಆಗ ಅದರ ಮ್ಯಾಗ್ನಿಟ್ಯೂಡ್ 14ರ ಹತ್ತಿರ. ಅದನ್ನೇ ಎತ್ತಿ 030329ರ ದೂರದಲ್ಲಿ ಇಟ್ಟರೆ ದೂರ ಸುಮಾರು 22 ಪಟ್ಟು, ಬೆಳಕು ಸುಮಾರು 500 ಪಟ್ಟು ಕಮ್ಮಿ. ಅಂದರೆ 20ರ ಸುತ್ತಮುತ್ತ. ಜಗತ್ತು ಹಿಗ್ಗುತ್ತಿರುವುದರಿಂದ ಅಲ್ಲಿನ 16 ದಿನ ನಮಗೆ 1.17 ಪಟ್ಟು, ಹೆಚ್ಚುಕಮ್ಮಿ 19 ದಿನವಾಗಿ ಕಾಣುತ್ತದೆ. ಇನ್ನೊಂದು ಅನುಕೂಲವೂ ಇದೆ. ನಾವು ಕೆಂಪು ಫಿಲ್ಟರಿನಲ್ಲಿ ನೋಡುವ 6400 ಆಂಗ್‌ಸ್ಟ್ರಾಮ್ ತರಂಗಾಂತರದ ಬೆಳಕು ಅಲ್ಲಿಂದ ಹೊರಟಾಗ ಸುಮಾರು 5480 ಇತ್ತು. ಅದು ಹಸಿರು, ಅಂದರೆ 'ವಿ' ಫಿಲ್ಟರಿನ ಜಾಗ. ಹಾಗಾಗಿ 1998ಬಿಡಬ್ಲ್ಯೂವಿನ 'ವಿ' ಅಳತೆಗಳನ್ನು ನಮ್ಮ ಕೆಂಪು ಅಳತೆಗಳ ಪಕ್ಕದಲ್ಲಿ ದೊಡ್ಡ ತಿದ್ದುಪಡಿ ಇಲ್ಲದೆ ಇಡಬಹುದು.

ಈ ಲೆಕ್ಕ ಗ್ರಾಫ್ ಶೀಟಿನ ಮೇಲೆ ಹಾಕಿದಾಗ ಸಮಸ್ಯೆ ಸ್ಪಷ್ಟವಾಯಿತು. ಸೂಪರ್ನೋವಾ ಮೇಲಕ್ಕೆ ಬರುವ ಹೊತ್ತಿಗೆ ಆಫ್ಟರ್‌ಗ್ಲೋ ಕೂಡ ಅಷ್ಟೇ ಬೆಳಕಿನಲ್ಲಿದೆ. ಒಂದು ಇಳಿಯುತ್ತಿದೆ, ಇನ್ನೊಂದು ಏರುತ್ತಿದೆ, ಎರಡರ ಮೊತ್ತ ಮಾತ್ರ ನಮಗೆ ಸಿಗುತ್ತದೆ. ಮೊತ್ತದಲ್ಲಿ ಒಂದು ಸಣ್ಣ ನಿಧಾನ ಕಾಣುತ್ತದೆ ಅಷ್ಟೇ. ಅದನ್ನೂ ಇನ್ನೊಂದು ಡಿಕ್ಕಿ ಅಂತ ವಾದಿಸಬಹುದು. ಲೈಟ್ ಕರ್ವ್, ಅಂದರೆ ದಿನದಿನದ ಬೆಳಕಿನ ಈ ಗ್ರಾಫ್, ನಂಬಿ ಇಲ್ಲಿಗೆ ನಿಲ್ಲಿಸಿದರೆ ನಮ್ಮ ಪ್ರಾಜೆಕ್ಟಿನಲ್ಲಿ ಸಾಕ್ಷಿ ಇರುತ್ತಿರಲಿಲ್ಲ.

ಆದ್ದರಿಂದ ಸ್ಪೆಕ್ಟ್ರಮ್‌ಗೆ, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕಿದೆ ಎಂದು ತೋರಿಸುವ ಗ್ರಾಫಿಗೆ, ಹೋದೆವು. ಈ ಕೆಲಸದ ಜೀವ ಇರುವುದೇ ಅಲ್ಲಿ.

ಆಫ್ಟರ್‌ಗ್ಲೋದ ಸ್ಪೆಕ್ಟ್ರಮ್ ತೀರಾ ಸಪ್ಪೆ. ಕಾಂತಕ್ಷೇತ್ರದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳು ಕೊಡುವ ಬೆಳಕು ಅದು. ನೀಲಿ ಕಡೆಗೆ ಸ್ವಲ್ಪ ಏರುವ ನಯವಾದ ಗೆರೆ, ಬೇರೇನೂ ಇಲ್ಲ. ಸೂಪರ್ನೋವಾದ ಸ್ಪೆಕ್ಟ್ರಮ್ ಏರಿಳಿತಗಳಿಂದ ತುಂಬಿರುತ್ತದೆ. ಈ ಜಾತಿಯ ಸೂಪರ್ನೋವಾದಲ್ಲಿ ಹೈಡ್ರೋಜನ್ ಗೆರೆ (ಒಂದೊಂದು ಧಾತು ತನ್ನದೇ ತರಂಗಾಂತರದಲ್ಲಿ ಬಿಡುವ ಗುರುತು) ಇರುವುದಿಲ್ಲ, ಹೀಲಿಯಂ ಕೂಡ ಕಾಣುವುದಿಲ್ಲ. ನಕ್ಷತ್ರ ಸಾಯುವ ಮೊದಲೇ ಹೊರಗಿನ ಪದರಗಳನ್ನು ಕಳೆದುಕೊಂಡಿರುತ್ತದೆ. ಉಳಿದ ಗೆರೆಗಳು ವಿಪರೀತ ಅಗಲ, ಯಾಕೆಂದರೆ ಅನಿಲ ಹೊರಗೆ ನುಗ್ಗುವ ವೇಗ ಸೆಕೆಂಡಿಗೆ 30,000 ಕಿಲೋಮೀಟರ್ ಮಟ್ಟದ್ದು. ಅದು ಬೆಳಕಿನ ವೇಗದ ಹತ್ತನೇ ಒಂದು ಭಾಗ. ಆ ವೇಗದಲ್ಲಿ ಸಿಲಿಕಾನ್‌ನ 6355ರ ಗೆರೆ 600 ಆಂಗ್‌ಸ್ಟ್ರಾಮ್‌ಗಿಂತ ಹೆಚ್ಚು ನೀಲಿ ಕಡೆಗೆ ಜಾರುತ್ತದೆ. ಪಕ್ಕದ ಗೆರೆಗಳೆಲ್ಲ ಒಂದರೊಳಗೊಂದು ಬೆರೆತು ಗುಡ್ಡ-ಕಣಿವೆಗಳ ಸಾಲು ಉಳಿಯುತ್ತದೆ.

ಒಂದು ನಯವಾದ ಗೆರೆ, ಒಂದು ಗುಡ್ಡಗಳ ಸಾಲು. ಬೆಳಕಿನ ಮೊತ್ತದಲ್ಲಿ ಬೇರ್ಪಡಿಸಲಾಗದ್ದು ಆಕಾರದಲ್ಲಿ ಬೇರೆಯಾಗುತ್ತದೆ.

ಸ್ಪೆಕ್ಟ್ರಮ್‌ಗಳನ್ನು ಇಟ್ಟಿರುವ ವೈಸ್‌ರೆಪ್ ಎಂಬ ಸಾರ್ವಜನಿಕ ಭಂಡಾರದಲ್ಲಿ ಸೂಪರ್ನೋವಾಗಳ ಫೈಲುಗಳು ಸಿಗುತ್ತವೆ. ಒಂದೊಂದು ಫೈಲಿನಲ್ಲೂ ಎರಡು ಸಾಲು, ತರಂಗಾಂತರ ಮತ್ತು ಬೆಳಕಿನ ಪ್ರಮಾಣ. ಪೈಥಾನ್ ಗೊತ್ತಿದ್ದರೆ ಸಾಕು, ಬೇರೆ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಲ್ಯಾಬಿನ ಹಳೆಯ ಕಂಪ್ಯೂಟರಿನಲ್ಲೇ ಎಲ್ಲ ಮುಗಿಯಿತು.

ಕೆಲಸದ ಕ್ರಮ ಹೀಗಿತ್ತು. ಎಲ್ಲ ಸ್ಪೆಕ್ಟ್ರಮ್‌ಗಳ ತರಂಗಾಂತರವನ್ನು ಅವುಗಳ ರೆಡ್‌ಶಿಫ್ಟ್ ಪ್ರಕಾರ ಭಾಗಿಸಿದೆವು. 030329ಕ್ಕೆ 1.1685ರಿಂದ, 1998ಬಿಡಬ್ಲ್ಯೂಗೆ 1.0085ರಿಂದ. ನಮ್ಮ ಗೆಲಾಕ್ಸಿಯ ದೂಳು ಬೆಳಕನ್ನು ಎಷ್ಟು ಕೆಂಪಾಗಿಸಿದೆ ಎಂಬುದನ್ನು ಸರಿಪಡಿಸಿದೆವು, ಎರಡರ ವಿಷಯದಲ್ಲೂ ಅದು ಸಣ್ಣದೇ. ಆಮೇಲೆ ಎಲ್ಲವನ್ನೂ ಒಂದೇ ತರಂಗಾಂತರದ ಅಳತೆಪಟ್ಟಿಗೆ ತಂದೆವು.

ಇನ್ನು ಮುಚ್ಚಬೇಕಾದ, ಅಂದರೆ ಲೆಕ್ಕದಿಂದ ಹೊರಗಿಡಬೇಕಾದ, ಜಾಗಗಳು. ಇಲ್ಲಿ ನಾನು ವಿದ್ಯಾರ್ಥಿಗಳನ್ನು ತುಂಬಾ ಹೊತ್ತು ಕೂರಿಸಿದೆ. ಸ್ಫೋಟವಾದ ಪುಟ್ಟ ಗೆಲಾಕ್ಸಿಯಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ, ಅಲ್ಲಿನ ಅನಿಲ ಚೂಪಾದ ಗೆರೆಗಳನ್ನು ಕೊಡುತ್ತದೆ. ಆಮ್ಲಜನಕದ 5007ರ ಗೆರೆ ನಮಗೆ 5851ರಲ್ಲಿ ಕಾಣುತ್ತದೆ. ಸೂಪರ್ನೋವಾದ ದೊಡ್ಡ ಗುಡ್ಡ ಬರಬೇಕಾದದ್ದೂ ಸರಿಸುಮಾರು ಅದೇ ಜಾಗದಲ್ಲಿ. ಮುಚ್ಚದೆ ಬಿಟ್ಟರೆ ಲೆಕ್ಕ ಆ ಚೂಪು ಗೆರೆಯನ್ನೇ ಗುಡ್ಡ ಅಂದುಕೊಂಡು ಎಳೆದಾಡುತ್ತದೆ. ಹೈಡ್ರೋಜನ್‌ನ ಕೆಂಪು ಗೆರೆ 7669ಕ್ಕೆ ಬರುತ್ತದೆ. ನಮ್ಮ ವಾತಾವರಣದ ಆಮ್ಲಜನಕ 7600ರ ಪಕ್ಕದಲ್ಲಿ ಬೆಳಕು ಹೀರುವ ಪಟ್ಟಿಯೂ ಅಲ್ಲೇ ಹರಡಿದೆ. ಇನ್ನೂರು ಕೋಟಿ ವರ್ಷ ದಾಟಿ ಬಂದ ಗೆರೆ ಕೊನೆಯ ಕೆಲವು ಕಿಲೋಮೀಟರಿನಲ್ಲಿ, ನಮ್ಮ ತಲೆಯ ಮೇಲಿನ ಗಾಳಿಯಲ್ಲಿ, ಕೆಡುತ್ತದೆ. ಆ ಭಾಗವನ್ನು ಪೂರ್ತಿ ಬಿಟ್ಟೆವು.

ಆಮೇಲಿನ ಲೆಕ್ಕ ಬಿ.ಎಸ್ಸಿ. ಮಟ್ಟದ್ದೇ. ನೋಡಿದ ಸ್ಪೆಕ್ಟ್ರಮ್ ಅಂದರೆ ಇಷ್ಟು ಪಾಲು ಆಫ್ಟರ್‌ಗ್ಲೋ, ಇಷ್ಟು ಪಾಲು ಸೂಪರ್ನೋವಾ. ಆಫ್ಟರ್‌ಗ್ಲೋದ ಆಕಾರಕ್ಕೆ ಮೊದಲ ದಿನಗಳ ಸ್ಪೆಕ್ಟ್ರಮ್ ತೆಗೆದುಕೊಂಡೆವು. ಆಗ ಸೂಪರ್ನೋವಾ ಇನ್ನೂ ಬೆಳಕಿಗೇ ಬಂದಿರಲಿಲ್ಲ. ಸೂಪರ್ನೋವಾದ ಆಕಾರಕ್ಕೆ 1998ಬಿಡಬ್ಲ್ಯೂವಿನ ಬೇರೆ ಬೇರೆ ವಯಸ್ಸಿನ ಸ್ಪೆಕ್ಟ್ರಮ್‌ಗಳು. ಗೊತ್ತಿಲ್ಲದ್ದು ಎರಡು ಗುಣಕಗಳು ಮತ್ತು ಆ ವಯಸ್ಸು. ಪ್ರತಿ ವಯಸ್ಸಿಗೂ ಕನಿಷ್ಠ ವರ್ಗಗಳ ವಿಧಾನದಲ್ಲಿ ಎರಡು ಗುಣಕ ಹುಡುಕಿ, ಯಾವ ವಯಸ್ಸಿನಲ್ಲಿ ವ್ಯತ್ಯಾಸ ಅತಿ ಕಮ್ಮಿ ಎಂದು ನೋಡುವುದು.

ಏಪ್ರಿಲ್ ಮೊದಲ ದಿನಗಳಿಗೆ ಸೂಪರ್ನೋವಾದ ಗುಣಕ ಸೊನ್ನೆಯ ಹತ್ತಿರ ಬಂತು. ಹಾಗೇ ಬರಬೇಕು. ಮೊದಲ ವಾರ ಮುಗಿದ ಮೇಲೆ ಅದು ಸೊನ್ನೆ ಬಿಟ್ಟು ಮೇಲೆದ್ದಿತು. ಅಮೆರಿಕದ ತಂಡವೊಂದು ಅರಿಜೋನಾದ ಎಂಎಂಟಿ ಟೆಲಿಸ್ಕೋಪಿನಿಂದಲೂ, ಯುರೋಪಿನ ತಂಡವೊಂದು ಚಿಲಿಯ ವಿಎಲ್‌ಟಿಯಿಂದಲೂ ನೋಡಿ 2003ರಲ್ಲಿ ಹೇಳಿದ್ದು ಇದನ್ನೇ. ಆ ಸೂಪರ್ನೋವಾಕ್ಕೆ ಎಸ್‌ಎನ್ 2003ಡಿಎಚ್ ಎಂದು ಹೆಸರಾಯಿತು. ಏಪ್ರಿಲ್ 8ರ ಸ್ಪೆಕ್ಟ್ರಮ್ ಮೇಲೆ ಆಫ್ಟರ್‌ಗ್ಲೋದ ಪಾಲು ಕಳೆದು ಉಳಿದದ್ದನ್ನು ಪರದೆಯ ಮೇಲೆ ಹಾಕಿದೆವು. ರೆಡ್‌ಶಿಫ್ಟ್ ತೆಗೆದ ಅಳತೆಪಟ್ಟಿಯಲ್ಲಿ 5000 ಆಂಗ್‌ಸ್ಟ್ರಾಮ್ ಹತ್ತಿರ ಒಂದು ಅಗಲವಾದ ಗುಡ್ಡ, 4200ರ ಹತ್ತಿರ ಇನ್ನೊಂದು. ಅದರ ಮೇಲೆ 1998ಬಿಡಬ್ಲ್ಯೂವಿನ ಸ್ಪೆಕ್ಟ್ರಮ್ ಬೇರೆ ಬಣ್ಣದಲ್ಲಿ ಎಳೆದಾಗ ಗುಡ್ಡದ ಮೇಲೆ ಗುಡ್ಡ, ಕಣಿವೆಯ ಮೇಲೆ ಕಣಿವೆ ಕೂತಿತು. ಒಂದು 12 ಕೋಟಿ ಜ್ಯೋತಿರ್ವರ್ಷ ದೂರದ ನಕ್ಷತ್ರ, ಇನ್ನೊಂದು ಅದರ ಇಪ್ಪತ್ತೆರಡು ಪಟ್ಟು ದೂರದ್ದು. ಲ್ಯಾಬಿನಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಪುಸ್ತಕದಲ್ಲಿ ಈ ಚಿತ್ರವನ್ನು ಎಷ್ಟೋ ಸಲ ನೋಡಿದ್ದೆ. ನಮ್ಮ ಲೆಕ್ಕದಿಂದ ಅದು ಎದ್ದು ಬಂದಾಗಿನ ಸಂತೋಷವೇ ಬೇರೆ.

ಏಪ್ರಿಲ್ ಕೊನೆಗೆ ಹೋದಂತೆ ಸೂಪರ್ನೋವಾದ ಪಾಲು ಏರುತ್ತಾ ಹೋಗುತ್ತದೆ. ಜೊತೆಗೆ, ಒಳ್ಳೆಯ ಹೊಂದಿಕೆ ಕೊಡುವ 1998ಬಿಡಬ್ಲ್ಯೂವಿನ ವಯಸ್ಸೂ ಸ್ಫೋಟದಿಂದ ಎಣಿಸಿದ ದಿನಗಳ ಜೊತೆಗೇ ಮುಂದೆ ಸಾಗುತ್ತದೆ. ನನಗೆ ಅತಿ ಗಟ್ಟಿ ಸಾಕ್ಷಿ ಅನ್ನಿಸುವುದು ಇದೇ. ಎರಡೂ ಗಡಿಯಾರ ಒಟ್ಟಿಗೇ ಓಡುತ್ತಿವೆ. ಹಿಂದಕ್ಕೆ ಎಣಿಸಿದರೆ ಗಾಮಾ ಸ್ಫೋಟವೂ ನಕ್ಷತ್ರದ ಸಾವೂ ಕೆಲವೇ ದಿನಗಳ ಅಂತರದೊಳಗೆ ಬಂದು ಸೇರುತ್ತವೆ.

ಇದಾದ ಮೇಲೆ ವಿದ್ಯಾರ್ಥಿಗಳು ಕೇಳಿದ ಪ್ರಶ್ನೆ ಸಹಜವಾದದ್ದು. ಎರಡೂ ಒಂದೇ ಸಾವು ಅಂದಮೇಲೆ ಗಾಮಾ ಕಿರಣ ಅರ್ಧ ನಿಮಿಷದಲ್ಲಿ ಮುಗಿದು, ಸೂಪರ್ನೋವಾ ಎರಡು ವಾರ ಯಾಕೆ ಕಾಯಿಸುತ್ತದೆ? ಅಮೆರಿಕದ ಖಗೋಳವಿಜ್ಞಾನಿ ಸ್ಟ್ಯಾನ್ ವೂಸ್ಲಿ 1993ರಲ್ಲಿ ಮುಂದಿಟ್ಟ ಕೊಲ್ಯಾಪ್ಸಾರ್ ಕಲ್ಪನೆಯಲ್ಲಿ ಉತ್ತರ ಇದೆ. ವೇಗವಾಗಿ ತಿರುಗುವ ದೊಡ್ಡ ನಕ್ಷತ್ರದ ನಡುಭಾಗ ಕುಸಿದು ಕಪ್ಪುಕುಳಿ ಆಗುತ್ತದೆ. ಸುತ್ತಲಿನ ಅನಿಲ ತಟ್ಟೆಯಾಗಿ ಸುತ್ತುತ್ತಾ ಒಳಗೆ ಬೀಳುತ್ತದೆ. ಆಗ ಎರಡು ಧ್ರುವಗಳ ಕಡೆಗೆ ಜೆಟ್ ಹೊರಟು ನಕ್ಷತ್ರವನ್ನು ಸೀಳಿಕೊಂಡು ಬರುತ್ತದೆ. ಅದು ಸೆಕೆಂಡುಗಳ ಕೆಲಸ. ಜೆಟ್ ನಮ್ಮ ಕಡೆಗಿದ್ದರೆ ಗಾಮಾ ಕಿರಣ ಕಾಣುತ್ತದೆ. ಸೂಪರ್ನೋವಾದ ಬೆಳಕಿನ ಮೂಲ ಬೇರೆ. ಸ್ಫೋಟದಲ್ಲಿ ತಯಾರಾದ ನಿಕಲ್-56 ಸುಮಾರು 6 ದಿನದ ಅರ್ಧಾಯುಷ್ಯದಲ್ಲಿ ಕೋಬಾಲ್ಟ್ ಆಗುತ್ತದೆ, ಅದು 77 ದಿನದ ಅರ್ಧಾಯುಷ್ಯದಲ್ಲಿ ಕಬ್ಬಿಣವಾಗುತ್ತದೆ. ಈ ಬದಲಾವಣೆಯಲ್ಲಿ ಹೊಮ್ಮುವ ಶಕ್ತಿ ದಟ್ಟ ಅನಿಲದ ಒಳಗಿಂದ ನುಸುಳಿ ಹೊರಗೆ ಬರಲು ವಾರಗಳು ಬೇಕು. ಅನಿಲ ಹರಡಿ ತೆಳುವಾದಂತೆ ಬೆಳಕು ಹೊರಬೀಳುತ್ತದೆ. 1998ಬಿಡಬ್ಲ್ಯೂವಿನಲ್ಲಿ ಸೂರ್ಯನ ತೂಕದ ಅರ್ಧಕ್ಕೆ ಹತ್ತಿರದಷ್ಟು ನಿಕಲ್ ಇತ್ತೆಂದು ಅಂದಾಜು. ಅಷ್ಟು ಪ್ರಕಾಶ ಬಂದದ್ದು ಅದರಿಂದ.

ಮಾಡಬೇಕೆನ್ನುವವರಿಗೆ ಒಂದೆರಡು ಮಾತು. ದೂರದ ಸ್ಫೋಟಗಳ ಹಿಂದೆ ಹೋಗಬೇಡಿ. ರೆಡ್‌ಶಿಫ್ಟ್ 0.1ಕ್ಕೆ ಇಂಥ ಸೂಪರ್ನೋವಾದ ಮ್ಯಾಗ್ನಿಟ್ಯೂಡ್ 19ರ ಹತ್ತಿರ, 0.3ಕ್ಕೆ 22ರ ಹತ್ತಿರ ಇರುತ್ತದೆ. 0.5 ದಾಟಿದರೆ ದೊಡ್ಡ ಟೆಲಿಸ್ಕೋಪ್‌ಗಳಿಗೂ ಕಷ್ಟ. ಮಾಮೂಲಿ ಸ್ಫೋಟಗಳು ಅದಕ್ಕಿಂತ ಎಷ್ಟೋ ಆಚೆ ಇರುತ್ತವೆ. ಸ್ಪೆಕ್ಟ್ರಮ್‌ನಿಂದ ಖಚಿತವಾದ ಜೋಡಿಗಳು ಇಷ್ಟು ವರ್ಷ ಕಳೆದರೂ ಕಮ್ಮಿ ಇರುವುದು ಇದಕ್ಕೇ. 2006ರ ಫೆಬ್ರವರಿ 18ರ ಸ್ಫೋಟ ಮತ್ತು ಅದರ ಸೂಪರ್ನೋವಾ 2006ಎಜೆ ಒಳ್ಳೆಯ ಎರಡನೇ ಅಭ್ಯಾಸ. ಅಲ್ಲಿ ಆಫ್ಟರ್‌ಗ್ಲೋ ದುರ್ಬಲ, ಕಳೆಯುವ ಕೆಲಸ ಸುಲಭ. ಇನ್ನೊಂದು, ಎಷ್ಟೇ ಸುಲಭ ಅನ್ನಿಸಿದರೂ ಲೈಟ್ ಕರ್ವ್ ಬಿಟ್ಟು ನೇರವಾಗಿ ಸ್ಪೆಕ್ಟ್ರಮ್‌ಗೆ ಹಾರಬೇಡಿ. ಗ್ರಾಫ್ ಶೀಟಿನಲ್ಲಿ ತೊಡಕು ಕಂಡವರಿಗೇ ಸ್ಪೆಕ್ಟ್ರಮ್ ಯಾಕೆ ಬೇಕು ಅಂತ ಅರ್ಥವಾಗುವುದು.

ಈ ನಂಟು ಎಲ್ಲ ಕಡೆ ನಿಲ್ಲುವುದಿಲ್ಲ ಎಂಬುದನ್ನೂ ವಿದ್ಯಾರ್ಥಿಗಳಿಗೆ ಹೇಳಲೇಬೇಕು. 2006ರ ಜೂನ್ 14ರ ಸ್ಫೋಟ ನೂರು ಸೆಕೆಂಡು ಇತ್ತು, ರೆಡ್‌ಶಿಫ್ಟ್ 0.125 ಮಾತ್ರ. ಎಷ್ಟು ಆಳಕ್ಕೆ ನೋಡಿದರೂ ಸೂಪರ್ನೋವಾ ಸಿಗಲಿಲ್ಲ. 2021ರ ಡಿಸೆಂಬರ್ 11ರ ಸ್ಫೋಟವೂ ಉದ್ದನೆಯದು. ಅದರಲ್ಲಿ ಕಂಡಿದ್ದು ಕಿಲೋನೋವಾ. ಎರಡು ಸಾಂದ್ರ ನಕ್ಷತ್ರಗಳು ಡಿಕ್ಕಿಯಾದಾಗ ಬರುವ, ಬೇಗ ಕೆಂಪಾಗಿ ಬೇಗ ಆರುವ ಬೆಳಕು ಅದು. ಉದ್ದನೆಯ ಸ್ಫೋಟ ಅಂದರೆ ಸಾಯುವ ದೊಡ್ಡ ನಕ್ಷತ್ರ ಎಂಬ ಲೆಕ್ಕ ಅಲ್ಲಿ ಕೆಲಸ ಮಾಡುವುದಿಲ್ಲ. ಹಾಗೆಯೇ 2002ರ ಎಸ್‌ಎನ್ 2002ಎಪಿಯಲ್ಲಿ ಇದೇ ತರಹದ ಅಗಲವಾದ ಗೆರೆಗಳಿದ್ದವು, ಆದರೆ ಅದರ ಜೊತೆ ಯಾವ ಗಾಮಾ ಸ್ಫೋಟವೂ ಕಾಣಲಿಲ್ಲ. ಜೆಟ್ ಬೇರೆ ದಿಕ್ಕಿಗೆ ಇತ್ತೇ ಅಥವಾ ಜೆಟ್ಟೇ ಹುಟ್ಟಲಿಲ್ಲವೇ ಎಂಬ ಪ್ರಶ್ನೆಗೆ ರೇಡಿಯೋ ಅಳತೆಗಳಿಂದ ಉತ್ತರ ಹುಡುಕುತ್ತಾರೆ.

ನಮ್ಮ ಮುಂದಿನ ತಂಡಕ್ಕೆ 2021ರ ಸ್ಫೋಟವನ್ನೇ ಕೊಟ್ಟಿದ್ದೇನೆ. ವಿಧಾನ ಅದೇ, ಆಫ್ಟರ್‌ಗ್ಲೋ ಕಳೆಯುವುದು. ಸ್ಪೆಕ್ಟ್ರಮ್ ಬದಲು ಬೇರೆ ಬೇರೆ ಫಿಲ್ಟರುಗಳ ಅಳತೆಗಳಿಂದ ದಿನದಿನಕ್ಕೆ ಬಣ್ಣ ಹೇಗೆ ಬದಲಾಯಿತು ಎಂದು ನೋಡಬೇಕು. ಲಾಗ್-ಲಾಗ್ ಶೀಟುಗಳನ್ನು ಈ ಸಲ ಮೊದಲೇ ಜಾಸ್ತಿ ತರಿಸಿ ಇಟ್ಟಿದ್ದೇನೆ.